ಕೊಂಬಿನ ಕಾರ್ಡಿಗೆ ನಾನು ಬರೆದ ಸುಳ್ಳು

ನನ್ನ ಅಣ್ಣನ ಮಗಳು ರೇಷ್ಮಾಳಿಗೆ ಮಸ್ಕತ್‌ನ ಒಂದು ಮ್ಯೂಸಿಯಂನ ದಾಖಲೆ ವಿಭಾಗದಲ್ಲಿ ಕೆಲಸ ಸಿಕ್ಕಿದೆ. ಅದೇ ಕೆಲಸದಲ್ಲಿ ಇಪ್ಪತ್ತೆರಡು ವರ್ಷ ಸವೆದವನು ನಾನು ಎಂದು ಅವಳಿಗೆ ಗೊತ್ತು. "ಬಾಪ್ಪು, ಎನಿ ಟಿಪ್ಸ್?" ಎಂದು ಚಿಕ್ಕಪ್ಪನಾದ ನನ್ನನ್ನು ವಾಟ್ಸಾಪಿನಲ್ಲಿ ಕೇಳಿದಳು. ಕೈಗವಸು ಹಾಕದೆ ಏನನ್ನೂ ಮುಟ್ಟಬೇಡ, ವಸ್ತು ಇರುವ ಕೋಣೆಗೆ ಚಾ ಒಯ್ಯಬೇಡ, ಪೆನ್ ಬದಲು ಪೆನ್ಸಿಲ್ ಇಟ್ಟುಕೋ ಎಂದು ಬರೆದೆ. ಅವಳು ಹೆಬ್ಬೆರಳು ಎತ್ತಿದ ಒಂದು ಚಿತ್ರ ಕಳಿಸಿದಳು.

ಬರೆದದ್ದರಲ್ಲಿ ತಪ್ಪೇನಿಲ್ಲ. ಆದರೆ ಕಳಿಸಿದ ಮೇಲೆ ನನಗೇ ನಾಚಿಕೆಯಾಯಿತು. ಇಪ್ಪತ್ತೆರಡು ವರ್ಷದಲ್ಲಿ ಕಲಿತದ್ದು ಇಷ್ಟೇ ಎಂದು ಹೇಳಿ ಮಗುವಿನ ಕಣ್ಣಿಗೆ ಮಣ್ಣೆರಚಿದ ಹಾಗಾಯಿತು. ಅವಳ ಹಾಗೆ ಹೊಸದಾಗಿ ಈ ಕೆಲಸಕ್ಕೆ ಬರುವವರು ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ. ನನಗೆ ಸಿಕ್ಕ ಬಡ್ತಿ, ಬೀಳ್ಕೊಡುಗೆಯಲ್ಲಿ ಹೊದಿಸಿದ ಶಾಲು, ಇವುಗಳ ವಿಷಯ ಇದರಲ್ಲಿ ಇಲ್ಲ. ಅವನ್ನು ಕೇಳುವ ಆಸೆ ಇದ್ದವರು ಒಮಾನಿನ ಸಹಮ್ ಊರಿನಲ್ಲಿರುವ ನಮ್ಮ ಮನೆಗೆ ಬನ್ನಿ. ನನ್ನ ಹೆಂಡತಿ ಜೆಸಿಂತಾ ಶಾಲನ್ನು ತೋರಿಸುತ್ತಾಳೆ, ಅದು ಈಗ ಟಿವಿ ಮೇಲೆ ಹೊದಿಕೆಯಾಗಿದೆ.

ನಾನು ಮ್ಯೂಸಿಯಂಗೆಂದು ಹುಟ್ಟಿದವನಲ್ಲ. ಮಂಗಳೂರು ಕಡೆಯ ಶಿರ್ವದಿಂದ ಬಂದು ಮಸ್ಕತ್ ಬಂದರಿನಲ್ಲಿ ಒಂದು ಕ್ಲಿಯರಿಂಗ್ ಕಂಪೆನಿಯ ಗುಮಾಸ್ತನಾಗಿದ್ದೆ. ಹಡಗಿನಿಂದ ಇಳಿದ ಸರಕಿಗೆ ಕಸ್ಟಮ್ಸ್ ಕಾಗದ ತುಂಬಿಸುವುದು ನನ್ನ ಕೆಲಸ. ಅಲ್ಲಿ ಮೊದಲ ವಾರವೇ ಕಲಿಯುವ ಪಾಠ ಒಂದುಂಟು: ಕಾಗದದಲ್ಲಿ ಒಂದು ಕಾಲಂ ಖಾಲಿ ಬಿಟ್ಟರೆ ಪೆಟ್ಟಿಗೆ ಬಂದರಿನಲ್ಲೇ ಕೊಳೆಯುತ್ತದೆ. ಗೊತ್ತಿಲ್ಲ ಎಂದು ಬರೆಯುವುದು ಖಾಲಿ ಬಿಡುವುದಕ್ಕಿಂತಲೂ ಕೆಟ್ಟದ್ದು. ಏನಾದರೂ ತುಂಬಿಸು, ಖಲಾಸ್, ಮುಂದಿನದ್ದು ತೆಗೆ.

ಏನು ತುಂಬಿಸಬೇಕು ಎಂದು ಗಲ್ಫಿನಲ್ಲಿ ಇರುವ ನಮ್ಮವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಊರಿಗೆ ಕಾರ್ಗೋ ಪೆಟ್ಟಿಗೆ ಕಳಿಸಿದವರೆಲ್ಲ ಬಲ್ಲರು. ಒಳಗೆ ಹಾಲಿನ ಪುಡಿ ಇರಲಿ, ಕಂಬಳಿ ಇರಲಿ, ಮಿಕ್ಸಿ ಇರಲಿ, ಯಾರೋ ಬಿಟ್ಟು ಹೋದ ಇಸ್ತ್ರಿಪೆಟ್ಟಿಗೆಯೇ ಇರಲಿ, ಹೊರಗೆ 'ಗಿಫ್ಟ್' ಎಂದು ಬರೆದರಾಯಿತು. ಆ ಒಂದು ಮಾತಿನ ಮುಂದೆ ಯಾರೂ ಹೆಚ್ಚು ಪ್ರಶ್ನೆ ಕೇಳುವುದಿಲ್ಲ. ಕೊಟ್ಟವನೂ ಒಳ್ಳೆಯವನು, ತೆಗೆದುಕೊಂಡವನೂ ಒಳ್ಳೆಯವನು, ನಡುವೆ ಬರೆದ ಗುಮಾಸ್ತನಂತೂ ಇನ್ನೂ ಒಳ್ಳೆಯವನು.

ಸೂರ್‌ನಲ್ಲಿ ಒಂದು ಖಾಸಗಿ ಮ್ಯೂಸಿಯಂ ತೆರೆದಾಗ, ಪೆಟ್ಟಿಗೆಗಳ ಕಾಗದಪತ್ರ ಬಲ್ಲ ಒಬ್ಬರು ಬೇಕೆಂದು ನನ್ನನ್ನು ಕರೆದರು. ಹಡಗು ಕಟ್ಟುವ ಊರು, ಆಫ್ರಿಕಾದ ಕರಾವಳಿಗೆ ಹೋಗಿ ಬಂದವರ ಊರು. ಮ್ಯೂಸಿಯಂ ತುಂಬ ದಿಕ್ಸೂಚಿ, ಲಂಗರು, ಮರದ ಪೆಟಾರಿ, ಕಾಫಿ ಹೂಜಿ. ಗಾಳಿಯೂ ಹಿಂದಿನ ಊರಿನ ಎಣ್ಣೆಯ ಕಾರ್ಖಾನೆಯ ಗಾಳಿಯಲ್ಲ, ಒಳ್ಳೆಯ ಮೀನಿನ ವಾಸನೆಯ ಗಾಳಿ. ಸಂತೋಷದಿಂದ ಹೋದೆ.

ಮೊದಲ ತಿಂಗಳೇ ಎಡವಟ್ಟು ಮಾಡಿಕೊಂಡೆ. ಜಂಜಿಬಾರಿನಿಂದ ಬಂದ ಒಂದು ಹಿತ್ತಾಳೆಯ ಕಾಫಿ ಹೂಜಿ ಕಪ್ಪಗೆ ಕಾಡಿಗೆಯಂತಾಗಿತ್ತು. ಉದ್ಘಾಟನೆಗೆ ದೊಡ್ಡವರು ಬರುತ್ತಾರೆ, ಹೀಗಿಟ್ಟರೆ ಮರ್ಯಾದೆಯೇ? ಮನೆಯಿಂದ ಹುಣಸೆಹುಳಿ ತಂದೆ. ನಮ್ಮ ಅಮ್ಮ ಹಬ್ಬದ ಹಿಂದಿನ ದಿನ ದೀಪದ ಕಂಬ ತಿಕ್ಕುತ್ತಿದ್ದ ಹಾಗೆ ಬೂದಿ ಸೇರಿಸಿ ತಿಕ್ಕಿದೆ. ಹೂಜಿ ಚಿನ್ನದ ಹಾಗೆ ಫಳಫಳ ಹೊಳೆಯಿತು. ಎತ್ತಿಕೊಂಡು ಹೋಗಿ ನನ್ನ ಮೇಲಧಿಕಾರಿ ಮಿಸೆಸ್ ಮಾರ್ಗರೆಟ್‌ರ ಮೇಜಿನ ಮೇಲಿಟ್ಟೆ. ಯುರೋಪಿನ ಮ್ಯೂಸಿಯಂಗಳಲ್ಲಿ ದುಡಿದು ಬಂದಿದ್ದ, ಅರವತ್ತರ ಹತ್ತಿರದ, ಮಾತು ಕಡಿಮೆಯ ಹೆಂಗಸು ಆಕೆ.

ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ಒಳ್ಳೆಯದಿತ್ತು. ಕನ್ನಡಕ ತೆಗೆದು, "ವಿನ್ಸೆಂಟ್, ಆ ಕಪ್ಪು ಬರಲಿಕ್ಕೆ ಎಷ್ಟು ವರ್ಷ ಬೇಕಾಯಿತು, ಗೊತ್ತೇ?" ಎಂದು ಕೇಳಿದರು.

"ಗೊತ್ತಿಲ್ಲ ಮೇಡಂ."

"ನನಗೂ ಗೊತ್ತಿಲ್ಲ. ಇನ್ನು ಯಾರಿಗೂ ಗೊತ್ತಾಗುವುದಿಲ್ಲ." ಆಮೇಲೆ ಹೇಳಿದರು: "ಚಂದ ಮಾಡುವುದು ನಮ್ಮ ಕೆಲಸವಲ್ಲ. ಇದ್ದದ್ದನ್ನು ಇದ್ದ ಹಾಗೆ ಇಡುವುದು, ಇದ್ದ ಹಾಗೆ ಬರೆಯುವುದು, ಅಷ್ಟೇ."

ಆ ಮಾತನ್ನು ನಾನು ಮನಸ್ಸಿನಲ್ಲಿಟ್ಟುಕೊಂಡೆ. ಆದರೆ ಅರ್ಧ ಮಾತ್ರ. ಹಿತ್ತಾಳೆಯನ್ನು ಮತ್ತೆಂದೂ ಉಜ್ಜಲಿಲ್ಲ. ಬರೆಯುವಾಗಲೂ ಉಜ್ಜಬಾರದು ಎಂಬುದು ತಲೆಗೆ ಹೋಗಲಿಲ್ಲ.

ಮಿಸೆಸ್ ಮಾರ್ಗರೆಟ್ ಊರಿಗೆ ಮರಳಿದ ಕೆಲವು ವರ್ಷಕ್ಕೆ, ಒಂದೊಂದು ವಸ್ತುವಿನ ವಿವರ ಬರೆದಿಡುವ ಕಾರ್ಡುಗಳ ಕಾಲ ಮುಗಿದು ಕಂಪ್ಯೂಟರಿನ ಕಾಲ ಬಂತು. ನಮ್ಮ ಕಂಪ್ಯೂಟರ್ ವ್ಯವಸ್ಥೆ ಕಟ್ಟಿದವನು ಬಸವರಾಜ, ಗದಗದ ಕಡೆಯವನು. ಸೂರ್‌ನಲ್ಲಿ ನನ್ನ ಜೊತೆ ಕನ್ನಡ ಮಾತಾಡಲು ಇದ್ದವನು ಅವನೊಬ್ಬನೇ. ನನ್ನ ಮಂಗಳೂರು ಕಡೆಯ ಮಾತನ್ನು ಅವನು ಆಡಿಕೊಳ್ಳುತ್ತಿದ್ದ, ಅವನ ಜವಾರಿ ಮಾತನ್ನು ನಾನು. ವಸ್ತು ಅದರ ಒಡೆತನವಿರುವ ಮ್ಯೂಸಿಯಂ ಕೈಗೆ ಮೊದಲು ಹೇಗೆ ಬಂತು ಎಂಬ ಕಾಲಂಗೆ ಅವನು ನಾಲ್ಕು ಆಯ್ಕೆ ಇಟ್ಟಿದ್ದ: ಗಿಫ್ಟ್, ಖರೀದಿ, ವಿನಿಮಯ, ಉಯಿಲು. ನಾಲ್ಕರಲ್ಲಿ ಒಂದನ್ನು ಒತ್ತದೆ ಮುಂದಿನ ಪುಟ ತೆರೆಯುತ್ತಿರಲಿಲ್ಲ.

"ನಾಕ ಸಾಕೇನ್ರಿ?" ಎಂದು ಅವನು ಕೇಳಿದ್ದು ಚೆನ್ನಾಗಿ ನೆನಪಿದೆ. "ಇನ್ನೊಂದು ಹಾಕ್ತೀನಿ ತಗೋರಿ. ಕಸಕೊಂಡಿದ್ದು ಅಂತ. ಇಂಥಾ ಸಾಮಾನು ಎಲ್ಲಾ ಕೊಟ್ಟಿದ್ದ ಇರತಾವೇನು?"

"ಎಂತದೂ ಬೇಡ ಮಾರಾಯ," ಎಂದೆ ನಾನು. "ಅದೆಲ್ಲ ಹಾಕಿದ್ರೆ ಡೈರೆಕ್ಟರ್ ಇಬ್ಬರನ್ನೂ ವಿಮಾನ ಹತ್ತಿಸ್ತಾರೆ. ನಾಲ್ಕು ಧಾರಾಳ ಉಂಟು."

ಡೈರೆಕ್ಟರಿಗೆ ಆ ಮಾತು ತಲುಪಲೂ ಇಲ್ಲ. ಬೇಡವೆಂದವನು ನಾನೇ.

ಆಮೇಲೆ ಬಂತು ಆ ದೊಡ್ಡ ಪ್ರದರ್ಶನ. ಒಮಾನ್ ಮತ್ತು ಪೂರ್ವ ಆಫ್ರಿಕಾದ ಕರಾವಳಿಯ ನಂಟಿನ ಕುರಿತು. ಅದಕ್ಕಾಗಿ ಯುರೋಪಿನ ಒಂದು ಮ್ಯೂಸಿಯಂನಿಂದ ನಲವತ್ತೊಂದು ವಸ್ತುಗಳನ್ನು ಎರವಲು ತರಿಸಿದೆವು. ಈಗ ಯೋಚಿಸಿದರೆ ವಿಚಿತ್ರ. ಆಫ್ರಿಕಾದ ಕರಾವಳಿಯಲ್ಲಿ ಹುಟ್ಟಿದ ವಸ್ತು, ಒಮಾನ್‌ನಿಂದ ದೋಣಿಯಲ್ಲಿ ಹೋಗುವಷ್ಟು ಹತ್ತಿರದ್ದು. ಅದನ್ನು ನೋಡಬೇಕಾದರೆ ಯುರೋಪಿನವರ ಅಪ್ಪಣೆ ಕೇಳಬೇಕು, ವಿಮೆ ಮಾಡಿಸಬೇಕು, ಮೂರು ತಿಂಗಳು ಕಳೆದ ಮೇಲೆ ವಾಪಸು ಕಳಿಸಬೇಕು. ಆಗ ನನಗೆ ಹಾಗೆ ಅನ್ನಿಸಿರಲಿಲ್ಲ. ಪೆಟ್ಟಿಗೆ ಬಂತು, ಎಣಿಸಿದೆ, ಸರಿ ಇತ್ತು.

ಪೆಟ್ಟಿಗೆಗಳ ಜೊತೆ ಅವರ ಹಳೆಯ ಕಾರ್ಡುಗಳ ನೆರಳಚ್ಚು ಪ್ರತಿಗಳೂ ಬಂದಿದ್ದವು. ವಸ್ತುವನ್ನು ಯಾರು, ಎಲ್ಲಿಂದ, ಹೇಗೆ ತಂದರು ಎಂದು ಆ ಕಾಲದವರೇ ಬರೆದದ್ದು. ಓದಿದೆ. ಒಂದು ಕುರ್ಚಿ ಊರಿನ ಮುಖಂಡನನ್ನು ಗಲ್ಲಿಗೇರಿಸಿದ ಮೇಲೆ ಅವನ ಜಗಲಿಯಿಂದ ಎತ್ತಿದ್ದು. ಒಂದು ಈಟಿ ಸತ್ತವನ ಪಕ್ಕದಿಂದ ಹೆಕ್ಕಿದ್ದು. ಒಂದು ತಾಯಿತ, ಅದನ್ನು ಮಗುವಿನ ಕುತ್ತಿಗೆಯಿಂದ ತೆಗೆದದ್ದು ಎಂದು ಬರೆದಿತ್ತು. ಮುಚ್ಚುಮರೆ ಇಲ್ಲ, ನಾಚಿಕೆ ಇಲ್ಲ. ಪೇಟೆಯಿಂದ ಏನೇನು ತಂದೆ ಎಂದು ಪಟ್ಟಿ ಬರೆದ ಹಾಗೆ ಬರೆದಿದ್ದರು. ಅದಕ್ಕಿಂತ ಹೆಚ್ಚಿನ ನಾಚಿಕೆಗೇಡು ಎಂದರೆ ನಾನೂ ಅದನ್ನು ಹಾಗೆಯೇ ಓದಿದ್ದು. ತಾಯಿತದ ಕಾರ್ಡು ಓದಿ ಮುಗಿಸಿ, ಮಧ್ಯಾಹ್ನ ಊಟಕ್ಕೆ ಮೀನು ಏನು ತಂದಿದ್ದಿ ಎಂದು ಜೆಸಿಂತಾಳಿಗೆ ಫೋನು ಮಾಡಿದ ನೆನಪಿದೆ.

ಮೊದಲಿನ ಸಭೆಯಲ್ಲಿ ಡೈರೆಕ್ಟರ್, "ವ್ಯಾಪಾರ, ಸ್ನೇಹ, ಸಮುದ್ರ, ಇವು ಮೂರನ್ನು ತೋರಿಸೋಣ. ಯಾರು ಯಾರಿಂದ ಕಿತ್ತುಕೊಂಡರು ಎಂದು ಶುರು ಮಾಡಿದರೆ ನಮ್ಮ ಹಡಗುಗಳು ಹೊತ್ತದ್ದರ ಲೆಕ್ಕವನ್ನೂ ಕೇಳುತ್ತಾರೆ," ಎಂದಿದ್ದರು. ಹೊತ್ತದ್ದು ಎಂದರೆ ಗುಲಾಮರನ್ನು. ಅವರು ಹೇಳಿದ್ದು ಅಷ್ಟೇ. ಸುಳ್ಳು ಬರೆ ಎಂದು ಯಾರೂ ಹೇಳಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಬಹಳ ವರ್ಷ ನಾನು ನನಗೇ ಬೇರೆ ಕತೆ ಹೇಳಿಕೊಂಡಿದ್ದೆ.

ನಲವತ್ತೊಂದರಲ್ಲಿ ಒಂದು ಕೊಂಬು. ನಮ್ಮೂರ ಕಡೆ ತುದಿಗೆ ಬಾಯಿಟ್ಟು ಊದುವ ಕೊಂಬಿನ ಹಾಗಲ್ಲ, ಇದನ್ನು ಪಕ್ಕದ ತೂತಿನಿಂದ ಊದುತ್ತಾರೆ. ಒಂದು ಆಳಿನ ಅರ್ಧದಷ್ಟು ಉದ್ದ, ಕರಿಮರದ್ದು, ತೂತಿನ ಹತ್ತಿರ ಸೀಳಿದ್ದ ಜಾಗಕ್ಕೆ ತಾಮ್ರದ ಪಟ್ಟಿ ಬಿಗಿದಿದ್ದರು. ಮದುವೆಯಲ್ಲಿ, ಊರ ಹಿರಿಯನನ್ನು ಪಟ್ಟಕ್ಕೆ ಕೂರಿಸುವಾಗ ಅದನ್ನು ಊದುತ್ತಿದ್ದರಂತೆ. ಅದನ್ನು ಕಾಯುವ ಒಂದು ಮನೆತನವೇ ಇತ್ತು. ಅದರ ಕಾರ್ಡಿನಲ್ಲಿ ಆರು ಸಾಲು ಇದ್ದವು. ಊರನ್ನು ದಂಡಿಸಲು ಹೋದ ಯುರೋಪಿನ ಪಡೆಯ ಅಧಿಕಾರಿಯೊಬ್ಬ ಅದನ್ನು ಕೊಂಬಿನವನ ಮನೆಯಿಂದ ಹೇಗೆ ಕಿತ್ತುಕೊಂಡ ಎಂಬ ವಿವರ.

ಆರೂ ಸಾಲುಗಳನ್ನು ಟೈಪು ಮಾಡಿದೆ. ಜಾಗ ಸಾಲಲಿಲ್ಲ, ಕಂಪ್ಯೂಟರ್ ಒಪ್ಪಲಿಲ್ಲ. ಅಳಿಸಿದೆ. ನಾಲ್ಕು ಆಯ್ಕೆಗಳು ಕಣ್ಣೆದುರು ಇದ್ದವು. ಗಿಫ್ಟ್ ಒತ್ತಿದೆ. ಒತ್ತಿದ ಕೂಡಲೇ ಕೊಟ್ಟವರು ಯಾರು ಎಂಬ ಇನ್ನೊಂದು ಕಾಲಂ ತೆರೆಯಿತು. ಒಂದು ಸುಳ್ಳು ತನ್ನ ತಮ್ಮನನ್ನೂ ಕರೆತರುತ್ತದೆ. 'ಕೊಂಬು ಕಾಯುವ ಮನೆತನದವರು' ಎಂದು ತುಂಬಿಸಿದೆ. ಒಟ್ಟು ಎರಡು ನಿಮಿಷದ ಕೆಲಸ. ಉಳಿದ ನಲವತ್ತಕ್ಕೂ ಹೆಚ್ಚುಕಡಿಮೆ ಹೀಗೆಯೇ ಮಾಡಿದೆ. ಪಟ್ಟಿಗೆ ಯುರೋಪಿನಿಂದ ಬಂದ ಪ್ರತಿನಿಧಿಯೂ ಸಹಿ ಹಾಕಿದರು. ಎಲ್ಲ ಕಾಲಂ ತುಂಬಿದ ಅಷ್ಟು ಅಚ್ಚುಕಟ್ಟಾದ ಪಟ್ಟಿಯನ್ನು ತಾನು ಕಂಡಿಲ್ಲ ಎಂದು ಹೊಗಳಿದರು. ನಾನು ಉಬ್ಬಿಹೋದೆ. ವಸ್ತುಗಳ ಪಕ್ಕದ ಫಲಕ, ಪ್ರದರ್ಶನದ ಪುಸ್ತಕ, ಎರಡೂ ಆ ಪಟ್ಟಿ ನೋಡಿಯೇ ಅಚ್ಚಾದವು.

ಪ್ರದರ್ಶನ ಶುರುವಾದ ನಾಲ್ಕನೆಯ ದಿನ ಒಬ್ಬ ಹೆಂಗಸು ನನ್ನ ಕೋಣೆಗೆ ಬಂದರು. ಬೀಬಿ ರಾಯಾ. ಸೂರ್‌ನವರೇ, ಆದರೆ ಹುಟ್ಟಿದ್ದು ಜಂಜಿಬಾರಿನಲ್ಲಿ. ಮಗುವಾಗಿದ್ದಾಗ ಒಮಾನಿಗೆ ಬಂದವರು. ಶಾಲೆಯಲ್ಲಿ ಟೀಚರ್ ಆಗಿದ್ದು ನಿವೃತ್ತರಾಗಿದ್ದರು. ಮನೆಯಲ್ಲಿ ಸ್ವಾಹಿಲಿ, ಹೊರಗೆ ಅರಬಿ, ನನ್ನ ಜೊತೆ ಒಳ್ಳೆಯ ಇಂಗ್ಲಿಷ್. ಅವರು ಕೊಂಬಿನ ಪಕ್ಕದ ಫಲಕದ ಫೋಟೋ ತೆಗೆದುಕೊಂಡು ಬಂದಿದ್ದರು.

"ಈ ತಾಮ್ರದ ಪಟ್ಟಿ ನಮ್ಮ ತಾಯಿಯ ಕಡೆಯ ಅಜ್ಜಿಯ ಅಪ್ಪ ಬಿಗಿದದ್ದು," ಎಂದರು. "ದೋಣಿಯಿಂದ ಇಳಿಸುವಾಗ ಬಿದ್ದು ಸೀಳಿತ್ತು ಎಂದು ಅಜ್ಜಿ ಹೇಳುತ್ತಿದ್ದರು. ಕೊಂಬಿನ ಮನೆಯವರು ನಾವು."

ನಾನು ಎದ್ದು ಕುರ್ಚಿ ಕೊಟ್ಟೆ, ಚಾ ತರಿಸಿದೆ. ಅವರು ಚಾ ಮುಟ್ಟದೆ ತಮ್ಮ ಮನೆಯ ಮಾತು ಹೇಳಿದರು. ಅವರ ಅಜ್ಜಿಯ ಅಮ್ಮ, ಅಂದರೆ ಕೊಂಬಿನವನ ಹೆಂಡತಿ, ಊರು ಸುಡುವಾಗ ತನ್ನ ಮನೆಯೊಂದು ಉಳಿಯಲಿ ಎಂದು ಕೊಂಬನ್ನು ತಾನೇ ಕೈಯಾರೆ ಬಿಳಿಯರಿಗೆ ಒಪ್ಪಿಸಿದಳು ಎಂದು ಬಂಧುಗಳೆಲ್ಲ ಹೇಳುತ್ತಿದ್ದರಂತೆ. ಹೆಣ್ಣು ಕೊಡುವಾಗ ತರುವಾಗ ಆ ಮಾತು ಬರುತ್ತಿತ್ತು. ಜಗಳವಾದರಂತೂ ಬಂದೇ ಬರುತ್ತಿತ್ತು. 'ಕೊಂಬು ಕೊಟ್ಟವಳ ಸಂತಾನ.' ರಾಯಾ ಅವರ ಅಜ್ಜಿ ಸಾಯುವ ತನಕ ಅಲ್ಲ, ಅಲ್ಲ ಎನ್ನುತ್ತಲೇ ಇದ್ದರು. ಆಕೆಯ ಮಾತನ್ನು ಯಾರೂ ನಂಬಲಿಲ್ಲ.

"ನಿನ್ನೆ ನನ್ನ ದೊಡ್ಡಪ್ಪನ ಮಗ ಹಮೂದ್ ಮಕ್ಕಳು ಮೊಮ್ಮಕ್ಕಳನ್ನೆಲ್ಲ ಕರೆದುಕೊಂಡು ಬಂದಿದ್ದ," ಎಂದರು ರಾಯಾ. "ಎಲ್ಲರೆದುರು ನಿಮ್ಮ ಫಲಕ ಗಟ್ಟಿಯಾಗಿ ಓದಿದ. ನೋಡು ರಾಯಾ, ಈಗ ಮ್ಯೂಸಿಯಂ ಕೂಡ ಹೇಳುತ್ತದೆ ಎಂದ." ಫೋಟೋವನ್ನು ನನ್ನ ಕಡೆ ಸರಿಸಿ ಕೇಳಿದರು: "ಇದನ್ನು ಎಲ್ಲಿ ನೋಡಿ ಬರೆದಿರಿ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆ ನನ್ನ ಕೈ ತಾನಾಗಿ ಮೇಜಿನ ಡ್ರಾಯರಿನ ಮೇಲೆ ಹೋಯಿತು. ಆ ಆರು ಸಾಲಿನ ಪ್ರತಿ ಅದರೊಳಗೇ ಇತ್ತು. ತೆಗೆದು ತೋರಿಸಲು ಒಂದು ಗಳಿಗೆ ಸಾಕಿತ್ತು.

"ಯುರೋಪಿನ ದಾಖಲೆಯಲ್ಲಿ ಹಾಗೇ ಇದೆ ಮೇಡಂ," ಎಂದೆ.

"ಹಾಗೇ ಇದೆಯಾ? ನೀವು ಕಣ್ಣಾರೆ ನೋಡಿದಿರಾ?"

"ನೋಡಿದೆ."

ಅವರು ತಲೆಯಾಡಿಸಿ ಎದ್ದರು. ಥ್ಯಾಂಕ್ಸ್ ಹೇಳಿದರು. ನನ್ನ ಸಮಯ ಹಾಳು ಮಾಡಿದ್ದಕ್ಕೆ ಕ್ಷಮೆಯನ್ನೂ ಕೇಳಿದರು.

ಬಾಗಿಲ ಹತ್ತಿರ ವಯರು ಸರಿಮಾಡುತ್ತಿದ್ದ ಬಸವರಾಜ ಎಲ್ಲವನ್ನೂ ಕೇಳಿಸಿಕೊಂಡಿದ್ದ. ನೆರಳಚ್ಚು ಪ್ರತಿಗಳನ್ನು ಅವನೂ ಓದಿದ್ದ. ಆಕೆ ಹೋದ ಮೇಲೆ ಒಳಗೆ ಬಂದು ನಿಂತ.

"ಅಲ್ರೀ ವಿನ್ಸೆಂಟ್, ಆ ಕಾಗದ ಆಕೀಗೆ ತೋರಸ್ರಿ. ವಯಸ್ಸಾದಾಕಿ, ಪಾಪ."

"ಅದು ಕಾನ್ಫಿಡೆನ್ಶಿಯಲ್, ಮಾರಾಯ. ಬೇರೆ ಮ್ಯೂಸಿಯಂನದ್ದು. ನಮಗೆ ಯಾಕೆ ಬೇಕು?"

"ನಮಗ ಯಾಕ ಬೇಕಂದ್ರ, ಬರದೋರು ನಾವ," ಎಂದ. ಆಮೇಲೆ ಹಲವು ದಿನ ಅವನು ನನ್ನ ಜೊತೆ ಊಟಕ್ಕೆ ಬರಲಿಲ್ಲ.

ನನ್ನನ್ನು ನಾನೇ ಸಮರ್ಥಿಸಿಕೊಂಡ ಬಗೆಗಳು ಒಂದೆರಡಲ್ಲ. ವೀಸಾ ಹೋಗುತ್ತದೆ, ಅದನ್ನು ಕೊಟ್ಟ ಕಫೀಲ್ ಊರಿಗೆ ಕಳಿಸುತ್ತಾನೆ, ಮಗಳು ಇನ್ನೂ ಇಂಜಿನಿಯರಿಂಗ್ ಓದುತ್ತಿದ್ದಾಳೆ. ಎಲ್ಲವೂ ನಿಜವಿರಬಹುದು. ಆದರೆ ಆ ಹೊತ್ತಿಗೆ ನನ್ನ ತಲೆಯಲ್ಲಿ ಅವು ಯಾವುವೂ ಇರಲಿಲ್ಲ. ವಿನ್ಸೆಂಟನ ಪಟ್ಟಿಯಲ್ಲಿ ತಪ್ಪೇ ಇರುವುದಿಲ್ಲ ಎನ್ನುತ್ತಿದ್ದರು ಆಫೀಸಿನಲ್ಲಿ. ಅದು ಕೆಡಬಾರದು ಎಂದು ಸುಳ್ಳು ಹೇಳಿದೆ. ಇಷ್ಟೇ.

ಇನ್ನೂ ಒಂದಿದೆ, ಅದು ಇದಕ್ಕಿಂತ ಕೀಳು. ಎರಡು ವರ್ಷದ ನಂತರ ಹಳೆಯ ಕಡತಗಳನ್ನೆಲ್ಲ ಸ್ಕ್ಯಾನ್ ಮಾಡಿ, ಬೇಡದ ಕಾಗದವನ್ನು ನಾಶ ಮಾಡಿ ಎಂದು ಆದೇಶ ಬಂತು. ಸ್ಕ್ಯಾನ್ ಮಾಡಬೇಕಾದವುಗಳಲ್ಲಿ ಸಹಿಯಾದ ಪಟ್ಟಿ ಇತ್ತು, ಆ ಕಾರ್ಡುಗಳ ಪ್ರತಿ ಇರಲಿಲ್ಲ. ಬೇಕಿದ್ದರೆ ತೆಗೆದಿಡಬಹುದಿತ್ತು. ಕಾಗದ ಚೂರು ಮಾಡುವ ಯಂತ್ರಕ್ಕೆ ಅವನ್ನು ನನ್ನ ಕೈಯಾರೆ ಕೊಟ್ಟೆ. ಕೊಂಬಿನ ಕಾರ್ಡು ಬಂದಾಗ ಗುರುತು ಹಿಡಿದೆ. ನಿಲ್ಲಿಸಿದೆ, ಇನ್ನೊಮ್ಮೆ ಓದಿದೆ, ಆಮೇಲೆ ಅದನ್ನೂ ಕೊಟ್ಟೆ. ಮರೆತು ಆದ ತಪ್ಪಲ್ಲ ಅದು.

ಈಚಿನ ವರ್ಷಗಳಲ್ಲಿ ಕೆಲಸದ ರೀತಿ ಬಹಳ ಬದಲಾಗಿದೆ. ಯುರೋಪಿನ ಮ್ಯೂಸಿಯಂಗಳು ತಮ್ಮ ವಸ್ತುಗಳನ್ನೆಲ್ಲ ಇಂಟರ್ನೆಟ್ಟಿಗೆ ಹಾಕಿವೆ. ಯಾವುದು ಎಲ್ಲಿಂದ ಬಂತು, ವಾಪಸು ಕೊಡಬೇಕೋ ಬೇಡವೋ ಎಂದು ಚರ್ಚೆ ಮಾಡುತ್ತಿವೆ. ನಿವೃತ್ತನಾಗಿ ಮಗಳ ವೀಸಾದಲ್ಲಿ ಸಹಮ್‌ಗೆ ಬಂದ ಮೇಲೆ ಒಂದು ಬೆಳಿಗ್ಗೆ, ಮಗಳು ಹತ್ತಿರದ ಸೊಹಾರ್‌ಗೆ ಕೆಲಸಕ್ಕೆ ಹೋದ ಮೇಲೆ, ಕಂಪ್ಯೂಟರಿನಲ್ಲಿ ಆ ಕೊಂಬನ್ನು ಹುಡುಕಿದೆ. ಸಿಕ್ಕಿತು. ಚಂದದ ಫೋಟೋ, ತಾಮ್ರದ ಪಟ್ಟಿ ಸ್ಪಷ್ಟವಾಗಿ ಕಾಣುತ್ತಿತ್ತು. ಕೆಳಗೆ ಬರೆದಿತ್ತು: ಕೊಂಬು ಕಾಯುವ ಮನೆತನದವರ ಗಿಫ್ಟ್.

ನನ್ನ ಮಾತು. ನಾನು ಎರಡು ನಿಮಿಷದಲ್ಲಿ ಬರೆದದ್ದು. ನಮ್ಮ ಪ್ರದರ್ಶನದ ಪುಸ್ತಕ ನೋಡಿ ಅವರು ತಮ್ಮ ದಾಖಲೆಗೆ ಇಳಿಸಿಕೊಂಡಿದ್ದರು. ನಾನು ಯುರೋಪಿನ ದಾಖಲೆಯಲ್ಲಿದೆ ಎಂದು ಹೇಳಿದ ಸುಳ್ಳು, ನಿಜವಾಗಿಯೂ ಯುರೋಪಿನ ದಾಖಲೆಯಾಗಿಬಿಟ್ಟಿತ್ತು.

ಆ ಮ್ಯೂಸಿಯಂಗೆ ಪತ್ರ ಬರೆದೆ. ಏನು ಮಾಡಿದೆ, ಹೇಗೆ ಮಾಡಿದೆ, ಮೂಲ ಕಾರ್ಡಿನಲ್ಲಿ ಏನಿತ್ತು, ಎಲ್ಲ ಬರೆದೆ. ಮೂರು ವಾರದಲ್ಲಿ ಮರ್ಯಾದೆಯ ಉತ್ತರ ಬಂತು. ಸಂಗ್ರಹವನ್ನು ಹೊಸ ಕಟ್ಟಡಕ್ಕೆ ಸಾಗಿಸುವಾಗ ಆ ಹಳೆಯ ಕಾರ್ಡು ಎಲ್ಲೋ ಕಳೆದಿದೆ, ಹುಡುಕುತ್ತಿದ್ದೇವೆ. ನಿಮ್ಮ ಬಳಿ ಪ್ರತಿ ಇದ್ದರೆ ದಯವಿಟ್ಟು ಕಳಿಸಿ. ಈ ಹಿಂದೆ ನೀವೇ ತಪ್ಪು ಮಾಹಿತಿ ಕೊಟ್ಟದ್ದಾಗಿ ಹೇಳಿರುವುದರಿಂದ, ಬರೀ ನಿಮ್ಮ ನೆನಪಿನ ಮೇಲೆ ದಾಖಲೆ ತಿದ್ದಲಾಗದು.

ನ್ಯಾಯವಾದ ಮಾತು. ಸುಳ್ಳುಗಾರನ ಸಾಕ್ಷಿಯನ್ನು ಯಾರು ಒಪ್ಪುತ್ತಾರೆ? ಪತ್ರವನ್ನು ಜೆಸಿಂತಾಳಿಗೆ ಓದಿ ಹೇಳಿದೆ. ಈ ವಿಷಯ ಅವಳಿಗೆ ಗೊತ್ತಾದದ್ದೇ ಅಂದು. ಅವಳು ಮೀನು ತೊಳೆಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಅವರಿಗೆ ಬರೆದಿರಿ, ಸರಿ," ಎಂದಳು. "ಆ ಹೆಂಗಸಿಗೆ ಹೇಳಿದಿರಾ?"

"ಕಾಗದವೇ ಇಲ್ಲದೆ ಹೇಳಿ ಎಂತ ಪ್ರಯೋಜನ?"

"ಕಾಗದ ಇದ್ದಾಗ ಹೇಳಲಿಲ್ಲವಲ್ಲ. ಈಗ ಬಾಯಿ ಉಂಟಲ್ಲ, ಹೋಗಿ ಹೇಳಿ."

ಸಹಮ್‌ನಿಂದ ಸೂರ್‌ಗೆ ಐದು ಗಂಟೆಯ ದಾರಿ. ಬಸವರಾಜ ಇನ್ನೂ ಸೂರ್‌ನಲ್ಲೇ ಇದ್ದಾನೆ. ಅವನೇ ಬೀಬಿ ರಾಯಾರ ಮನೆ ತೋರಿಸಿದ. ಬಾಗಿಲವರೆಗೆ ಬಂದು, "ಒಳಗ ನೀವ ಹೋಗ್ರಿ, ಇದು ನಿಮ್ಮ ಕೆಲಸ," ಎಂದು ಕಾರಿನಲ್ಲೇ ಕುಳಿತ.

ರಾಯಾ ಅವರಿಗೆ ಈಗ ಎಪ್ಪತ್ತೈದರ ಮೇಲಾಗಿದೆ, ಕೋಲು ಹಿಡಿದು ನಡೆಯುತ್ತಾರೆ. ನನ್ನ ಗುರುತು ಹಿಡಿದರು, ಖರ್ಜೂರ ಮತ್ತು ಕಹ್ವಾ ಕಾಫಿ ಇಟ್ಟರು. ಮುಟ್ಟದೆ ಹೇಳಲು ಶುರು ಮಾಡಿದೆ. ಫಲಕ ಬರೆದದ್ದು ನಾನು, ಕಾಗದದಲ್ಲಿ ಹಾಗೆ ಇರಲಿಲ್ಲ ಎಂದು ಎರಡು ಮಾತು ಹೇಳುವಷ್ಟರಲ್ಲಿ ಅವರು ಕೈ ಎತ್ತಿ ತಡೆದರು.

"ನನಗೊಬ್ಬಳಿಗೇ ಹೇಳಬೇಡ. ನಾಳೆ ಶುಕ್ರವಾರ. ನಮಾಜ್ ಮುಗಿಸಿ ಎಲ್ಲರೂ ಇಲ್ಲಿಗೆ ಬರುತ್ತಾರೆ. ಅವರೆದುರು ಹೇಳು."

ಮರುದಿನ ಮಧ್ಯಾಹ್ನ ಅವರ ಮಜ್ಲಿಸ್, ಬಂದವರು ಕೂರುವ ದೊಡ್ಡ ಕೋಣೆ, ತುಂಬಿತ್ತು. ಗೋಡೆಗೊರಗಿ ಇಪ್ಪತ್ತು ಜನ ಇದ್ದಿರಬಹುದು. ನಡುವೆ ಹಮೂದ್, ಎಂಬತ್ತು ದಾಟಿದವರು, ಕಸೂತಿಯ ಟೊಪ್ಪಿ, ಗಂಭೀರ ಮುಖ. ಎಲ್ಲರಿಗೂ ಇಂಗ್ಲಿಷ್ ಬಾರದು. ನಾನು ಒಂದೊಂದು ಮಾತು ಹೇಳುವುದು, ರಾಯಾ ಅದನ್ನು ಸ್ವಾಹಿಲಿಯಲ್ಲಿ ಹೇಳುವುದು ಎಂದಾಯಿತು. ನಿಂತೇ ಹೇಳಿದೆ. ಸುಳ್ಳು ಬರೆದದ್ದು, ಕೇಳಿದಾಗ ಮತ್ತೆ ಸುಳ್ಳು ಹೇಳಿದ್ದು, ಕಾಗದವನ್ನು ಚೂರು ಮಾಡಿದ್ದು. ಅದನ್ನೆಲ್ಲ ರಾಯಾ ತಮ್ಮ ಬಾಯಿಂದಲೇ ಹೇಳಬೇಕಾಯಿತು. ಒಮ್ಮೆಯೂ ಅವರ ದನಿ ಏರಲಿಲ್ಲ.

ಆಮೇಲೆ ಕಾರ್ಡಿನ ಆರು ಸಾಲು. ಟೈಪು ಮಾಡಿ ಅಳಿಸಿದವನು, ಚೂರು ಮಾಡುವ ಮೊದಲು ಓದಿದವನು. ಮರೆತಿರಲಿಲ್ಲ.

"ಪಕ್ಕದಿಂದ ಊದುವ ಕೊಂಬು, ತಾಮ್ರದಿಂದ ದುರಸ್ತಿ ಮಾಡಿದ್ದು."

ರಾಯಾ ಹೇಳಿದರು. ಒಂದಿಬ್ಬರು ತಲೆಯಾಡಿಸಿದರು.

"ಊರನ್ನು ಸುಟ್ಟ ಮಾರನೆಯ ದಿನ ಕೊಂಬಿನವನ ಮನೆಯಲ್ಲಿ ಸಿಕ್ಕಿತು."

"ಮನೆಯ ಯಜಮಾನ ಮೊದಲ ದಿನವೇ ಸತ್ತಿದ್ದ. ಮನೆಯೂ ಅರ್ಧ ಉರಿದಿತ್ತು."

ಇಲ್ಲಿ ರಾಯಾ ನನ್ನನ್ನು ನೋಡಿದರು. ಮನೆ ಉಳಿಸಲೆಂದು ಕೊಟ್ಟಳು ಎಂದಲ್ಲವೇ ಇಷ್ಟು ಕಾಲದ ಮಾತು? ಕೊಂಬು ಅವರ ಕೈಗೆ ಹೋಗುವ ಮೊದಲೇ ಮನೆಗೆ ಬೆಂಕಿ ಬಿದ್ದಿತ್ತು.

"ಹೆಂಡತಿ ಅದನ್ನು ಧಾನ್ಯದ ಬುಟ್ಟಿಯಲ್ಲಿ ಅಡಗಿಸಿದ್ದಳು."

"ಕೇಳಿದರೂ ಕೊಡಲಿಲ್ಲ."

"ಅವಳ ಕೈಯಿಂದ ಬಿಡಿಸಲು ಇಬ್ಬರು ಸಿಪಾಯಿಗಳು ಬೇಕಾದರು."

ಕೊನೆಯ ಸಾಲನ್ನು ರಾಯಾ ಕೂಡಲೇ ಹೇಳಲಿಲ್ಲ. "ಎಷ್ಟು ಜನ?" ಎಂದು ನನ್ನನ್ನು ಕೇಳಿದರು.

"ಇಬ್ಬರು."

ಅವರು ಕೋಲೂರಿ ಎದ್ದರು. ಹಮೂದ್ ಕುಳಿತಿದ್ದಲ್ಲಿಗೆ ನಡೆದು, ಅವರ ಮುಖದೆದುರು ಎರಡು ಬೆರಳು ಹಿಡಿದು ಸ್ವಾಹಿಲಿಯಲ್ಲಿ ಹೇಳಿದರು. ನನಗೆ ಸ್ವಾಹಿಲಿ ಬಾರದು, ಆದರೂ ಅರ್ಥವಾಯಿತು. ಹಮೂದ್ ತುಂಬ ಹೊತ್ತು ಆ ಬೆರಳುಗಳನ್ನೇ ನೋಡಿದರು. ಟೊಪ್ಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಆಮೇಲೆ ನನ್ನ ಕಡೆ ತಿರುಗಿ ಏನೋ ಕೇಳಿದರು.

"ಈಗ ಹೇಳುವವನು ಆಗ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾನೆ," ಎಂದರು ರಾಯಾ.

"ಆಫೀಸಿನಲ್ಲಿ ನನ್ನ ಮರ್ಯಾದೆ ಹೋಗುತ್ತದೆ ಎಂದು."

ರಾಯಾ ಅದನ್ನೂ ಸ್ವಾಹಿಲಿಯಲ್ಲಿ ಹೇಳಿದರು. ಕೋಣೆಯಲ್ಲಿ ಯಾರೂ ಬೈಯಲಿಲ್ಲ. ಬೈದಿದ್ದರೆ ತಲೆ ಎತ್ತಬಹುದಿತ್ತು ಅನ್ನಿಸಿತು.

"ನಿನ್ನ ಮರ್ಯಾದೆ ಉಳಿಸಿಕೊಳ್ಳಲು ಅವಳದನ್ನು ತೆಗೆದೆ," ಎಂದರು ರಾಯಾ. "ಅವಳ ಹೆಸರಾದರೂ ಗೊತ್ತೇ ನಿನಗೆ?"

"ಇಲ್ಲ. ಅಧಿಕಾರಿ ಬರೆದಿರಲಿಲ್ಲ."

"ನೀನೂ ಕೇಳಲಿಲ್ಲ."

"ಕೇಳಲಿಲ್ಲ."

"ಮ್ವಾನಾಮಿಜಾ," ಎಂದರು. ಮ್ವಾನಾಮಿಜಾ ಎಂದು ಗೋಡೆಗೊರಗಿ ಕುಳಿತ ಹೆಂಗಸರಲ್ಲಿ ಒಬ್ಬರು ಮೆಲ್ಲಗೆ ಇನ್ನೊಮ್ಮೆ ಹೇಳಿದರು. ಎಷ್ಟೋ ಕಾಲದಿಂದ ಆ ಹೆಸರನ್ನು ಆ ಮನೆಯಲ್ಲಿ ಯಾವ ಹೆಣ್ಣುಮಗುವಿಗೂ ಇಟ್ಟಿರಲಿಲ್ಲವಂತೆ. ರಾಯಾ ನನ್ನ ಜೇಬಿನ ಪೆನ್ಸಿಲ್ ನೋಡಿ, "ಬರೆದುಕೋ," ಎಂದರು.

ಬರೆದುಕೊಂಡೆ. ಅವರು ಕಾಗದ ತೆಗೆದುಕೊಂಡು ಅಕ್ಷರಗಳನ್ನು ಒಂದೊಂದಾಗಿ ನೋಡಿ ವಾಪಸು ಕೊಟ್ಟರು. ಕುಳಿತುಕೋ ಎಂದು ಯಾರೂ ಹೇಳಲಿಲ್ಲ. ಸಲಾಂ ಹೇಳಿ ಹೊರಗೆ ಬಂದೆ.

ಸಹಮ್‌ಗೆ ಬಂದ ಮರುದಿನ ಆ ಮ್ಯೂಸಿಯಂಗೆ ಇನ್ನೊಂದು ಪತ್ರ ಕಳಿಸಿದೆ. ಕೊಂಬನ್ನು ಕೊಡಲೊಪ್ಪದ ಹೆಂಗಸಿನ ಹೆಸರು ಮ್ವಾನಾಮಿಜಾ, ಇದನ್ನು ನಿಮ್ಮ ದಾಖಲೆಯಲ್ಲಿ ಸೇರಿಸಿ ಎಂದು ಒಂದೇ ಸಾಲು. ನನ್ನ ಮಾತನ್ನು ಅವರು ನಂಬಬೇಕಿಲ್ಲ, ಬೀಬಿ ರಾಯಾರ ವಿಳಾಸ ಕೊಟ್ಟಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.